ಎಣಿಕೆ ತಪ್ಪಿದ ರಜೆ

ರಜೆಯಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದು ನಿಮ್ಮನ್ನು ಕೇಳಿದರೆ ಊಟಿ, ಗೋವಾ, ಮಡಿಕೇರಿ ಎಂದು ಒಬ್ಬೊಬ್ಬರು ಒಂದೊಂದು ಊರಿನ ಹೆಸರು ಹೇಳೀರಿ. ನಾನು ಬೆಳೆದ ಬಸವನಗುಡಿಯ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಲೇ ಇರಲಿಲ್ಲ. ಬೇಸಗೆ ರಜೆ ಬಂದರೂ ಶ್ರೀರಂಗಪಟ್ಟಣ, ದಸರಾ ರಜೆ ಬಂದರೂ ಶ್ರೀರಂಗಪಟ್ಟಣ. ಅಲ್ಲಿ ಕಾವೇರಿಯ ದಂಡೆಯ ಮೇಲೆ ನಮ್ಮ ತಾತ ಮತ್ತು ಅಜ್ಜಿಯ ಹೆಂಚಿನ ಮನೆ ಇತ್ತು. ಹಿತ್ತಲ ಬಾಗಿಲು ತೆರೆದರೆ ನಾಲ್ಕು ತೆಂಗಿನ ಮರ, ಅದರಾಚೆ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಕೊನೆಗೆ ಹೊಳೆ.

ಹೊಳೆಗೂ ಹಾಸ್ಯಕ್ಕೂ ಕನ್ನಡದಲ್ಲಿ ಹಳೆಯ ನಂಟಿದೆ. ಹೇಮಾವತಿಯ ದಂಡೆಯ ಗೊರೂರಿನವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರರು (1904–1991) ಬರೆದ ‘ಹಳ್ಳಿಯ ಚಿತ್ರಗಳು’ ಪುಸ್ತಕವನ್ನು ನಿಮ್ಮಲ್ಲಿ ಕೆಲವರು ಓದಿರಬಹುದು, ಓದಿಲ್ಲದವರು ಓದಬೇಕು. ಆ ಹೇಮಾವತಿ ಮುಂದೆ ಬಂದು ಸೇರುವುದು ನಮ್ಮ ಕಾವೇರಿಯನ್ನೇ. ಇಂದು ನಾನು ಹೊಳೆಯ ದಂಡೆಯ ಆ ಮನೆಯಲ್ಲಿ ನಡೆದ ಕೆಲವು ತಮಾಷೆಯ ಪ್ರಸಂಗಗಳನ್ನು ನಿಮಗೆ ಹೇಳಬೇಕೆಂದಿದ್ದೇನೆ. ನಗುವುದಕ್ಕಾಗಿಯೇ ಹೇಳುತ್ತೇನೆ, ಸಂಕೋಚವಿಲ್ಲದೆ ನಗಿ. ಕೊನೆಯಲ್ಲಿ ಮಾತ್ರ ನಿಮಗೆ ಒಂದು ಪ್ರಶ್ನೆ ಇದೆ.

ಮೊದಲು ಜನಗಣತಿ. ಚಾಮರಾಜಪೇಟೆಯ ದೊಡ್ಡಪ್ಪನವರ ಮಕ್ಕಳು ನಾಲ್ವರು, ಬಸವನಗುಡಿಯ ನಾವು ಮೂವರು, ಮಲ್ಲೇಶ್ವರದ ದೊಡ್ಡ ಅತ್ತೆಯ ಮಕ್ಕಳು ನಾಲ್ವರು, ಅಲ್ಲೇ ಎರಡು ಕ್ರಾಸ್ ಆಚೆ ಇದ್ದ ಚಿಕ್ಕ ಅತ್ತೆಯ ಮಕ್ಕಳು ಮೂವರು: ಒಟ್ಟು ಹದಿನಾಲ್ಕು ಮೊಮ್ಮಕ್ಕಳು. ನಾಲ್ಕು ಜೋಡಿ ತಂದೆ ತಾಯಿಯರು, ಆಗಿನ್ನೂ ಮದುವೆಯಾಗದ ಚಿಕ್ಕಪ್ಪ, ತಾತ, ಅಜ್ಜಿ ಎಲ್ಲ ಸೇರಿ ಇಪ್ಪತ್ತೈದು ಜನ. ಮನೆಯಲ್ಲಿ ಬಚ್ಚಲು ಒಂದು, ನೀರು ಕಾಯಿಸುವ ಹಂಡೆ ಒಂದು. ಬೆಳಗಿನ ಐದು ಗಂಟೆಗೆ ಹಂಡೆಯ ಒಲೆಗೆ ಉರಿ ಹಾಕಿದರೆ ಕೊನೆಯವರ ಸ್ನಾನ ಮುಗಿಯುವ ಹೊತ್ತಿಗೆ ಮೊದಲನೆಯವರಿಗೆ ಮತ್ತೆ ಬೆವರು ಬಂದಿರುತ್ತಿತ್ತು. ಹಾಗಾಗಿ ನಮ್ಮನ್ನೆಲ್ಲ ಹೊಳೆಗೆ ಅಟ್ಟುತ್ತಿದ್ದರು. ನಮಗೆ ಬೇಕಾದದ್ದೂ ಅದೇ.

ನಮ್ಮ ದೊಡ್ಡಪ್ಪನವರು ಎಣಿಕೆಯಲ್ಲಿ ಬಹಳ ಬಿಗಿ. ಆಗ ಬೆಂಗಳೂರಿಗೂ ಮೈಸೂರಿಗೂ ನಡುವೆ ಓಡುತ್ತಿದ್ದುದು ಮೀಟರ್ ಗೇಜ್ ರೈಲು. ಅಂದರೆ ಎರಡು ಹಳಿಗಳ ನಡುವಿನ ಅಂತರ ಒಂದು ಮೀಟರ್ ಮಾತ್ರ; ಈಗಿನ ಬ್ರಾಡ್ ಗೇಜಿನಲ್ಲಿ ಅದು 1.676 ಮೀಟರ್. ಆ ಪುಟ್ಟ ಡಬ್ಬಿಯಲ್ಲಿ ಇಪ್ಪತ್ತಮೂರು ಜನ, ಹತ್ತೊಂಬತ್ತು ಸಾಮಾನು. ದೊಡ್ಡಪ್ಪನವರು ಪ್ರತಿಯೊಂದು ಟ್ರಂಕು, ಹಾಸಿಗೆ ಸುರುಳಿ, ಚೀಲದ ಮೇಲೂ ಸೀಮೆಸುಣ್ಣದಿಂದ 1ರಿಂದ 19ರವರೆಗೆ ಅಂಕಿ ಬರೆಯುತ್ತಿದ್ದರು. ರಾಮನಗರದಲ್ಲಿ ಒಮ್ಮೆ ಎಣಿಕೆ, ಮದ್ದೂರಿನಲ್ಲಿ ವಡೆ ಕೊಳ್ಳುವಾಗ ಒಮ್ಮೆ, ಮಂಡ್ಯದಲ್ಲಿ ಒಮ್ಮೆ. 1988ರ ಬೇಸಗೆಯಲ್ಲಿ ಶ್ರೀರಂಗಪಟ್ಟಣದ ನಿಲ್ದಾಣದಲ್ಲಿ ಇಳಿದು ಎಣಿಸಿದಾಗಲೂ ಸರಿಯಾಗಿ ಹತ್ತೊಂಬತ್ತು. ದೊಡ್ಡಪ್ಪನವರು ವಿಜಯದ ನಗೆ ಬೀರಿದರು. ಮನೆಗೆ ಬಂದು ಟ್ರಂಕು ತೆರೆದರೆ ಒಳಗೆ ಯಾರೋ ಅಪರಿಚಿತರ ಮದುವೆ ಸೀರೆಗಳು! ಗಡಿಬಿಡಿಯಲ್ಲಿ ಪಕ್ಕದ ಸಂಸಾರದ ಟ್ರಂಕಿನ ಮೇಲೂ ಅವರು 12 ಎಂದು ಬರೆದುಬಿಟ್ಟಿದ್ದರು. ನಮ್ಮ ಟ್ರಂಕು ಮೈಸೂರಿಗೆ ಹೋಗಿತ್ತು. ಮಾರನೆಯ ದಿನ ಎರಡು ಸಂಸಾರಗಳೂ ನಿಲ್ದಾಣದಲ್ಲಿ ಸೇರಿ ಟ್ರಂಕು ಬದಲಾಯಿಸಿಕೊಂಡವು. ಆ ಮದುವೆಗೆ ನಮಗೂ ಕರೆ ಬಂತು, ಇಪ್ಪತ್ತೈದು ಜನವೂ ಹೋಗಿ ಊಟ ಮಾಡಿ ಬಂದೆವು.

ಮನೆಯಲ್ಲಿ ಎಣಿಸುವ ಇನ್ನೊಬ್ಬರು ತಾತ. ಅವರು ನಿವೃತ್ತ ಗಣಿತದ ಮೇಷ್ಟ್ರು. ಹಿತ್ತಲಿನಿಂದ ಹೊಳೆಗೆ ಇಳಿಯುವ ಮೆಟ್ಟಿಲುಗಳಲ್ಲಿ ಮೇಲಿನಿಂದ ಎಷ್ಟನೆಯದನ್ನು ನೀರು ಮುಟ್ಟಿದೆ ಎಂದು ದಿನಾ ಬೆಳಿಗ್ಗೆ, ಸಂಜೆ ಒಬ್ಬ ಮೊಮ್ಮಗು ಹೋಗಿ ನೋಡಿ ಬರಬೇಕು. ತಾತ ಅದನ್ನು ಡೈರಿಯಲ್ಲಿ ಬರೆದುಕೊಳ್ಳುವರು. “ಈ ಲೆಕ್ಕದಿಂದ ಏನು ಲಾಭ ತಾತ?” ಎಂದರೆ “ಲಾಭ ಕಂಡಾಗ ಹೇಳ್ತೀನಿ” ಎನ್ನುವರು.

ಲಾಭ ಕಂಡಿತು, ನಷ್ಟದ ರೂಪದಲ್ಲಿ. 1989ರ ದಸರಾ ರಜೆ. ಚಿಕ್ಕಪ್ಪ ಆಗತಾನೆ ಕೆಲಸಕ್ಕೆ ಸೇರಿ ಮೊದಲ ಸಂಬಳದಲ್ಲಿ ಒಂದು ಜೀನ್ಸ್ ಪ್ಯಾಂಟು ಹೊಲಿಸಿಕೊಂಡಿದ್ದರು. ಅದನ್ನು ಅವರು ಬೇರೆ ಯಾರ ಕೈಗೂ ಕೊಡುವವರಲ್ಲ. ಸಂಜೆ ತಾವೇ ಹೊಳೆಯಲ್ಲಿ ಒಗೆದು, ಹದಿನೈದನೆಯ ಮೆಟ್ಟಿಲ ಮೇಲೆ ಹರಡಿ, ಹಾರಿ ಹೋಗದಂತೆ ಒಂದು ಕಲ್ಲು ಹೇರಿ ಬಂದರು. ನೀರು ಹದಿನಾರನೆಯ ಮೆಟ್ಟಿಲಲ್ಲಿತ್ತು. ರಾತ್ರಿ ಒಂದು ಹನಿ ಮಳೆಯಿಲ್ಲ, ಆಕಾಶದ ತುಂಬ ನಕ್ಷತ್ರ. ಬೆಳಿಗ್ಗೆ ನೋಡಿದರೆ ನೀರು ಹದಿಮೂರನೆಯ ಮೆಟ್ಟಿಲಿಗೆ ಬಂದಿದೆ. ಕಲ್ಲು ಇದೆಯೋ ಇಲ್ಲವೋ ಕಾಣದು, ಪ್ಯಾಂಟಂತೂ ಇಲ್ಲ. ಚಿಕ್ಕಪ್ಪ ಬೆಂಗಳೂರಿಗೆ ಮರಳಿದ್ದು ದೊಡ್ಡ ಅತ್ತೆಯ ಯಜಮಾನರ, ಅಂದರೆ ನಮ್ಮ ಮಾವನವರ ಪ್ಯಾಂಟಿನಲ್ಲಿ. ಮಾವನವರ ಸೊಂಟ ಚಿಕ್ಕಪ್ಪನ ಸೊಂಟದ ಎರಡರಷ್ಟು. ರೈಲಿನಲ್ಲಿ ಅವರು ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದು ನಿಂತದ್ದನ್ನು ನಾವು ಇಂದಿಗೂ ನಟಿಸಿ ತೋರಿಸುತ್ತೇವೆ.

ಮಳೆಯಿಲ್ಲದೆ ಹೊಳೆ ಏರಿದ್ದು ಹೇಗೆ? ಅಂದು ತಾತ ನಮ್ಮನ್ನೆಲ್ಲ ಜಗಲಿಯ ಮೇಲೆ ಕೂರಿಸಿ ಪಾಠ ಮಾಡಿದರು. ಶ್ರೀರಂಗಪಟ್ಟಣ ಒಂದು ದ್ವೀಪ. ಕಾವೇರಿ ಎರಡು ಕವಲಾಗಿ ಊರನ್ನು ಬಳಸಿ ಸಂಗಮದಲ್ಲಿ ಮತ್ತೆ ಒಂದಾಗುತ್ತದೆ. ಊರಿನಿಂದ ಮೇಲಕ್ಕೆ, ನೇರ ಅಳತೆಯಲ್ಲಿ ಸುಮಾರು 13 ಕಿಲೋಮೀಟರ್ ದೂರದಲ್ಲಿ ಕೃಷ್ಣರಾಜಸಾಗರ. 1911ರಲ್ಲಿ ಕೆಲಸ ಆರಂಭವಾಗಿ 1932ರ ಹೊತ್ತಿಗೆ ಮುಗಿದ ಅಣೆಕಟ್ಟು. ಅದರ ಪೂರ್ಣ ಮಟ್ಟ 124.80 ಅಡಿ, ಹಿಡಿಯುವ ನೀರು 49.45 ಟಿ.ಎಂ.ಸಿ. ಅಲ್ಲಿ ತೂಬು ಎತ್ತಿದರೆ ಇಲ್ಲಿ ಮೆಟ್ಟಿಲು ಮುಳುಗುತ್ತದೆ. ಪತ್ರಿಕೆಗಳಲ್ಲಿ ನೀವು ಓದುವ ‘ಕ್ಯೂಸೆಕ್’ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್ ನೀರು. ಹತ್ತು ಸಾವಿರ ಕ್ಯೂಸೆಕ್ ಬಿಟ್ಟರೆ ಪ್ರತಿ ಸೆಕೆಂಡಿಗೆ 2,83,000 ಲೀಟರ್. ನೀರು ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಬರುತ್ತದೆ ಎಂದುಕೊಂಡರೆ 13 ಕಿಲೋಮೀಟರಿಗೆ ಮೂರೂವರೆ ಗಂಟೆಗೂ ಹೆಚ್ಚು ಬೇಕು. ಹೊಳೆ ಬಳಸಿ ಬರುವುದರಿಂದ ಇನ್ನೂ ಸ್ವಲ್ಪ ಹೆಚ್ಚು. ಮಧ್ಯರಾತ್ರಿ ಬಿಟ್ಟ ನೀರು ಎಲ್ಲರೂ ಮಲಗಿರುವಾಗ ಬಂದು ಚಿಕ್ಕಪ್ಪನ ಪ್ಯಾಂಟನ್ನು ಕರೆದೊಯ್ದಿದೆ. “ಆಕಾಶ ನೋಡಿ ಹೊಳೆಗೆ ಇಳೀಬೇಡಿ, ಮೆಟ್ಟಿಲು ನೋಡಿ ಇಳೀರಿ” ಎಂದರು ತಾತ. ಮುಂದೆ ನಾನು ಬಿ.ಎಸ್ಸಿ. ಓದುವಾಗ ಅನೇಕ ಸೂತ್ರಗಳನ್ನು ಬಾಯಿಪಾಠ ಮಾಡಿದೆ. ಈ ಸೂತ್ರವನ್ನು ಮಾತ್ರ ಬಾಯಿಪಾಠ ಮಾಡಬೇಕಾಗಲಿಲ್ಲ.

ಅದೇ ದಿನ ತಾತ ಹೇಳಿದ ಇನ್ನೊಂದು ಮಾತಿನಿಂದ ಮನೆಯಲ್ಲಿ ದೊಡ್ಡ ಗಲಭೆಯಾಯಿತು. ಕಾವೇರಿ ಇಲ್ಲಿಂದ ತಿರುಮಕೂಡಲು ನರಸೀಪುರಕ್ಕೆ ಹೋಗಿ ಕಪಿಲೆಯನ್ನು ಕೂಡಿಕೊಂಡು ಶಿವನಸಮುದ್ರದ ಕಡೆಗೆ ಸಾಗುತ್ತದೆ. ಅಲ್ಲಿ 1902ರಲ್ಲಿ ವಿದ್ಯುತ್ ತಯಾರಿಸಿ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಿದರು. 1905ರಲ್ಲಿ ಬೆಂಗಳೂರಿಗೂ ಆ ದೀಪ ಬಂತು. 1974ರಿಂದ ಆ ಭಾಗದ ತೊರೆಕಾಡನಹಳ್ಳಿಯಿಂದ ನೀರನ್ನು ಶುದ್ಧಿಮಾಡಿ, ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುತ್ತಿದ್ದಾರೆ. “ಅಂದರೆ, ನೀವು ಇಲ್ಲಿ ಸ್ನಾನ ಮಾಡಿದ ನೀರೇ ಬೆಂಗಳೂರಿನ ನಲ್ಲೀಲಿ ಬರೋದು” ಎಂದು ತಾತ ಕನ್ನಡಕ ಒರೆಸಿಕೊಂಡರು. ಇಪ್ಪತ್ತಮೂರು ಬೆಂಗಳೂರಿಗರು ಒಬ್ಬರ ಮುಖ ಒಬ್ಬರು ನೋಡಿದೆವು. ಚಿಕ್ಕ ಅತ್ತೆ ತಮ್ಮ ಕಿರಿಯ ಮಗನನ್ನು ದರದರ ಎಳೆದುಕೊಂಡು ಹೋಗಿ, “ನೀನು ನಿನ್ನೆ ಹೊಳೇಲಿ ಏನು ಮಾಡಿದೆ, ನಿಜ ಹೇಳು” ಎಂದು ವಿಚಾರಣೆ ನಡೆಸಿದರು. ಅವನು ನಿಜ ಹೇಳಿದ. ಆ ವರ್ಷ ಮಲ್ಲೇಶ್ವರಕ್ಕೆ ಮರಳಿದ ಮೇಲೆ ಅವರ ಮನೆಯಲ್ಲಿ ತಿಂಗಳುಗಟ್ಟಲೆ ನೀರನ್ನು ಎರಡು ಸಲ ಕಾಯಿಸುತ್ತಿದ್ದರು. ತಮಾಷೆಯ ಮಾತಾದರೂ ಲೆಕ್ಕ ಸರಿಯಾದದ್ದೇ: ಮೇಲಿನ ಊರಿನವರು ಹೊಳೆಗೆ ಏನು ಹಾಕುತ್ತಾರೋ ಅದು ಕೆಳಗಿನ ಊರಿನವರ ಪಾಲಿಗೆ ಬರುತ್ತದೆ.

ಕಲ್ಲಂಗಡಿಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ತಣ್ಣಗಾಗಲಿ ಎಂದು ಮಾವನವರು ಎರಡು ದೊಡ್ಡ ಕಲ್ಲಂಗಡಿಗಳನ್ನು ಹೊಳೆಯಲ್ಲಿ ಬಿಟ್ಟರು, ಅಷ್ಟು ತೂಕದ್ದು ಮುಳುಗಿ ಅಲ್ಲೇ ಇರುತ್ತದೆ ಎಂಬ ನಂಬಿಕೆಯಿಂದ. ಕಲ್ಲಂಗಡಿಯ ಸಾಂದ್ರತೆ ನೀರಿಗಿಂತ ಕಡಿಮೆ, ಅದು ತೇಲುತ್ತದೆ. ಎರಡೂ ಅಕ್ಕಪಕ್ಕದಲ್ಲಿ ಸಂಗಮದ ಕಡೆ ಪಯಣ ಬೆಳೆಸಿದವು. ಮೂರನೆಯ ಹಣ್ಣಿಗೆ ಅಜ್ಜಿ ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿ ಗಾಳಿ ಆಡುವ ಕಡೆ ಇಟ್ಟರು. ನೀರು ಆವಿಯಾಗುವಾಗ ಹಣ್ಣಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಅಜ್ಜಿಗೆ ಭೌತಶಾಸ್ತ್ರ ಗೊತ್ತಿರಲಿಲ್ಲ, ಹಣ್ಣು ತಣ್ಣಗಾಗಿತ್ತು.

ಈಗ ಅಜ್ಜಿಯ ಎಣಿಕೆಗೆ ಬರುತ್ತೇನೆ. ಅಜ್ಜಿ ಎಣಿಸುತ್ತಾರೆಂದು ನಮಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಹಿತ್ತಾಳೆ ಬೋಗುಣಿಯಲ್ಲಿ ಹುಳಿಯನ್ನ ಕಲಸಿಕೊಂಡು ಜಗಲಿಗೆ ಬರುವರು. ಮೊಮ್ಮಕ್ಕಳೆಲ್ಲ ವಯಸ್ಸಿನ ಕ್ರಮದಲ್ಲಿ ಅರ್ಧ ಚಂದ್ರಾಕಾರವಾಗಿ ಕೂರಬೇಕು. ಒಬ್ಬೊಬ್ಬರ ಅಂಗೈಗೂ ಒಂದೊಂದು ತುತ್ತು, ಮೇಲೆ ಮಾವಿನಕಾಯಿ ಉಪ್ಪಿನಕಾಯಿಯ ರಸ. ಹುಳಿಯನ್ನ ಮುಗಿದರೆ ಮೊಸರನ್ನ. ತುತ್ತು ಹಾಕುವಾಗ ಅವರ ತುಟಿ ಅಲುಗುತ್ತಿತ್ತು. ರಾಮನಾಮ ಹೇಳಿಕೊಳ್ಳುತ್ತಾರೆ ಎಂದು ನಾವು ತಿಳಿದಿದ್ದೆವು.

1990ರ ಮೇ ತಿಂಗಳು, ನನಗೆ ಹತ್ತು ವರ್ಷ. ಮಧ್ಯಾಹ್ನ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ಉಗ್ರಾಣದ ಕತ್ತಲಲ್ಲಿ ಮದುವೆ ಮುಂಜಿಗೆ ಮಾತ್ರ ಹೊರಗೆ ಬರುವ ಒಂದು ಹಿತ್ತಾಳೆ ಕೊಪ್ಪರಿಗೆ ಇತ್ತು. ನಾನು ಅದರೊಳಗೆ ಇಳಿದು ಮೇಲೆ ಒಂದು ಮೊರ ಮುಚ್ಚಿಕೊಂಡೆ. ಲೋಹ ಮೈಯ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಅದಕ್ಕೇ ಮುಟ್ಟಿದರೆ ತಣ್ಣಗೆ ಎನಿಸುತ್ತದೆ. ಆ ಸೆಕೆಯಲ್ಲಿ ಅದು ಸ್ವರ್ಗ. ನಿದ್ದೆ ಬಂದುಬಿಟ್ಟಿತು. ಆದ್ದರಿಂದ ಮುಂದಿನ ಕಥೆಗೆ ನಾನೇ ನಾಯಕಿಯಾದರೂ ಅದರಲ್ಲಿ ನನಗೆ ಏನೂ ನೆನಪಿಲ್ಲ. ಎಲ್ಲವೂ ಕೇಳಿದ್ದು.

ಸಂಜೆ ತುತ್ತು ಹಾಕುತ್ತಿದ್ದ ಅಜ್ಜಿಯ ಕೈ ನಿಂತಿತು. “ಹದಿಮೂರು” ಎಂದರು. ಯಾರಿಗೂ ಅರ್ಥವಾಗಲಿಲ್ಲ. “ಹದಿಮೂರೇ ಇದೆ” ಎಂದು ಬೋಗುಣಿಯನ್ನು ಕೆಳಗಿಟ್ಟರು.

ಮುಂದಿನ ಮುಕ್ಕಾಲು ಗಂಟೆಯ ಬಗ್ಗೆ ನಮ್ಮ ಮನೆಯಲ್ಲಿ ಎಷ್ಟು ಜನರೋ ಅಷ್ಟು ಕಥೆಗಳಿವೆ. ದೊಡ್ಡಪ್ಪನವರು ಟಾರ್ಚು ಹಿಡಿದು ಹೊಳೆಗೆ ಓಡಿದರು. ಟಾರ್ಚು ಹೊತ್ತಲಿಲ್ಲ. ಸೆಲ್ಲು ಖರ್ಚಾಗದಿರಲಿ ಎಂದು ಅದನ್ನು ತೆಗೆದು ಏಳನೆಯ ನಂಬರಿನ ಚೀಲದಲ್ಲಿ ಇಟ್ಟಿದ್ದರು. ಈಜು ಬಾರದ ಚಿಕ್ಕಪ್ಪ ಹಿಂದೆಮುಂದೆ ನೋಡದೆ ಬಟ್ಟೆ ಸಮೇತ ಹೊಳೆಗೆ ಹಾರಿದರು. ಬೇಸಗೆಯ ಹೊಳೆ, ಅಲ್ಲಿ ಮೊಣಕಾಲುದ್ದ ನೀರು. ಮಂಡಿ ತರಚಿ, ಕೆಸರು ಮೆತ್ತಿಕೊಂಡು ಎದ್ದು ನಿಂತರು. ದೊಡ್ಡ ಅತ್ತೆ ಅಲ್ಲೇ ನಿಂತು, ಮಗು ಸಿಕ್ಕರೆ ಯಜಮಾನರ ಮುಡಿ ಕೊಡಿಸುತ್ತೇನೆ ಎಂದು ತಿರುಪತಿಗೆ ಹರಕೆ ಹೊತ್ತರು. ಮಾವನವರ ತಲೆಯಲ್ಲಿ ಆಗ ಉಳಿದಿದ್ದುದೇ ಕಿವಿಯ ಮೇಲಿನ ಎರಡು ಗೆರೆ ಕೂದಲು. “ದೇವರಿಗೂ ಮೋಸ ಮಾಡೋದೇ?” ಎಂದು ಅವರು ಆಮೇಲೆ ಜಗಳ ತೆಗೆದರು. ನಮ್ಮ ತಂದೆ ಬೀದಿಯ ಪ್ರತಿ ಮನೆಯ ಬಾಗಿಲು ಬಡಿದರು. ಅಮ್ಮನನ್ನು ಕೇಳಿದರೆ, “ಒಲೆ ಮೇಲೆ ಹಾಲಿತ್ತು, ಮೊದಲು ಅದನ್ನು ಇಳಿಸಿದೆ. ಯಾಕೆ ಇಳಿಸಿದೆನೋ ಗೊತ್ತಿಲ್ಲ” ಎನ್ನುತ್ತಾರೆ.

ಅಜ್ಜಿ ಲಾಂದ್ರಕ್ಕೆ ಸೀಮೆಎಣ್ಣೆ ತರಲು ಉಗ್ರಾಣಕ್ಕೆ ಹೋದರು. ಕತ್ತಲಲ್ಲಿ ‘ಗುಂಯ್’ ಎಂಬ ದೊಡ್ಡ ಸದ್ದು. ನನಗೆ ಆಗ ನೆಗಡಿಯಾಗಿತ್ತು, ಗೊರಕೆ ಹೊಡೆಯುತ್ತಿದ್ದೆ. ಟೊಳ್ಳಾದ ಪಾತ್ರೆ ಸದ್ದನ್ನು ಹೇಗೆ ಹೆಚ್ಚಿಸುತ್ತದೆ ಎಂದು ಅನುರಣನದ ಪಾಠದಲ್ಲಿ ನೀವು ಓದಿದ್ದೀರಿ. ನನ್ನ ಪ್ರಾಣ ಉಳಿಸಲು ಅಲ್ಲ, ನಿದ್ದೆ ಕೆಡಿಸಲು ಅದು ನೆರವಾಯಿತು. ಅಜ್ಜಿ ಮೊರ ಎತ್ತಿದರು. ಎಲ್ಲರೂ ಓಡಿ ಬಂದರು. ಮೊದಲು ನಕ್ಕವರು ದೊಡ್ಡಪ್ಪ, ಆಮೇಲೆ ಇಡೀ ಮನೆ ಹೊಟ್ಟೆ ಹಿಡಿದುಕೊಂಡು ನಕ್ಕಿತಂತೆ. ನನಗೆ ಎಚ್ಚರವಾದ ಮೇಲೆ ನೆನಪಿರುವುದು ಒಂದೇ: ಅಜ್ಜಿ ನನ್ನ ಬಾಯಿಗೆ ಒಂದು ತುತ್ತು ಇಟ್ಟು, “ಹದಿನಾಲ್ಕು” ಎಂದರು.

ಆ ಕಥೆ ನಮ್ಮ ಕುಟುಂಬದ ಆಸ್ತಿಯಾಯಿತು. ಯಾರ ಮದುವೆಯಾಗಲಿ, ನಾಮಕರಣವಾಗಲಿ, ಊಟದ ನಂತರ ‘ಕೊಪ್ಪರಿಗೆ ಪ್ರಸಂಗ’ ಆಗಲೇಬೇಕು. ವರ್ಷ ಕಳೆದಂತೆ ಚಿಕ್ಕಪ್ಪ ಹಾರಿದ ನೀರು ಮೊಣಕಾಲಿನಿಂದ ಸೊಂಟಕ್ಕೆ, ಸೊಂಟದಿಂದ ಕೊರಳಿಗೆ ಏರಿತು. ಈಚೆಗೆ ಅವರು ಹೇಳುವಾಗ ಅದರಲ್ಲಿ ಒಂದು ಮೊಸಳೆಯೂ ಬರುತ್ತದೆ. ಪಕ್ಕದ ರಂಗನತಿಟ್ಟಿನಲ್ಲಿ ಮೊಸಳೆಗಳಿರುವುದರಿಂದ ನಾವೂ ಆಕ್ಷೇಪ ಎತ್ತುವುದಿಲ್ಲ.

ದೂರದರ್ಶನದ ಕೆಲಸಕ್ಕೆ ಬಂದ ಹೊಸದರಲ್ಲಿ, 2006ರಲ್ಲಿ, ನನಗೆ ಒಂದು ಹುಮ್ಮಸ್ಸು ಬಂತು. ಒಂದೇ ಘಟನೆಯನ್ನು ಹಲವು ಕ್ಯಾಮೆರಾಗಳಿಂದ ಚಿತ್ರಿಸುವಂತೆ, ಕೊಪ್ಪರಿಗೆ ಪ್ರಸಂಗವನ್ನು ಒಬ್ಬೊಬ್ಬರ ಬಾಯಿಂದ ಹೇಳಿಸಿ ಮನೆಯವರಿಗಾಗಿ ಒಂದು ಕ್ಯಾಸೆಟ್ ಮಾಡಬೇಕೆಂದು. ಎಲ್ಲರೂ ಉತ್ಸಾಹದಿಂದ ಹೇಳಿದರು. ತಾತ ತೀರಿಕೊಂಡು ಏಳು ವರ್ಷವಾಗಿತ್ತು. ಅವರ ಡೈರಿಯನ್ನೇ ಚಿತ್ರೀಕರಿಸಿದೆ. ಆ ದಿನದ ಪುಟದಲ್ಲಿ ಮೆಟ್ಟಿಲಿನ ಅಂಕಿ ಇತ್ತು, ಬೇರೆ ಏನೂ ಇರಲಿಲ್ಲ. ಚಿತ್ರಿಸಿದ್ದನ್ನೆಲ್ಲ ಮತ್ತೆ ಹಾಕಿ ನೋಡುವಾಗ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಹಿನ್ನೆಲೆಯಲ್ಲಿ ಹೂ ಕಟ್ಟುತ್ತ ಕೂತ ಅಜ್ಜಿ ಒಂದು ಸಲವೂ ನಕ್ಕಿರಲಿಲ್ಲ.

ಮಾರನೆಯ ದಿನ ಅವರ ಮುಂದೆ ಕ್ಯಾಮೆರಾ ಇಟ್ಟು, “ನೀನು ಹೇಳು ಅಜ್ಜಿ” ಎಂದೆ. “ಆ ಪೆಟ್ಟಿಗೆ ಮುಚ್ಚು” ಎಂದರು. ಮುಚ್ಚಿದೆ. ಆಮೇಲೆ ಹೇಳಿದರು.

ಅಜ್ಜಿಯ ತವರು ತಿರುಮಕೂಡಲು ನರಸೀಪುರ, ಅದೇ ಹೊಳೆಯ ಇನ್ನೊಂದು ದಂಡೆ. ಅವರಿಗೆ ಹನ್ನೊಂದು ವರ್ಷವಾಗಿದ್ದಾಗ ಒಂದು ಹಬ್ಬದ ದಿನ ಐದು ಮಕ್ಕಳು ಹೊಳೆಗೆ ಹೋದರು. ಆಡಿ, ನಗುತ್ತ, ಒದ್ದೆ ಬಟ್ಟೆ ಹಿಂಡುತ್ತ ಮನೆಗೆ ಬಂದು ಊಟಕ್ಕೆ ಕೂತರು. “ಐದು ಎಲೆ ಹಾಕಿದ್ದರು. ಒಂದು ಎಲೆ ಮಿಕ್ಕಿತು. ಆಗ ನೋಡಿಕೊಂಡೆವು” ಎಂದರು ಅಜ್ಜಿ. ಮಿಕ್ಕಿದ್ದು ಅವರ ಏಳು ವರ್ಷದ ತಮ್ಮನ ಎಲೆ. ಅವನ ಕೈ ಹಿಡಿದುಕೊಂಡಿರು ಎಂದು ಹೇಳಿ ಕಳುಹಿಸಿದ್ದುದು ಅಜ್ಜಿಗೆ. “ದಾರೀಲಿ ಯಾರೂ ಎಣಿಸಲಿಲ್ಲ ಕಣೆ. ಎಣಿಸಿದ್ದರೆ ತಿರುಗಿ ಹೋಗಬಹುದಿತ್ತೋ ಏನೋ.” ಅಷ್ಟು ಹೇಳಿ ಮತ್ತೆ ಹೂ ಕಟ್ಟತೊಡಗಿದರು.

ನಮ್ಮ ತಂದೆಗೆ, ಅತ್ತೆಯರಿಗೆ “ಅಮ್ಮನಿಗೆ ಒಬ್ಬ ತಮ್ಮ ಇದ್ದನಂತೆ” ಎಂಬುದಷ್ಟೇ ಗೊತ್ತಿತ್ತು. ನಾವು ರಜೆಯ ಸುಖ ಎಂದುಕೊಂಡಿದ್ದ ಕೈತುತ್ತು ಅವರ ಹಾಜರಿ ಪುಸ್ತಕವಾಗಿತ್ತು. ಹಾಗೆಂದು ನಾನು ನಕ್ಕದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ನಮ್ಮನ್ನು ಹೊಳೆಗೆ ಹೋಗಬೇಡಿ ಎಂದು ಅಜ್ಜಿ ಒಂದು ದಿನವೂ ತಡೆಯಲಿಲ್ಲ. ಹೆದರಿಸಲಿಲ್ಲ. ತಮ್ಮ ಭಯವನ್ನು ತಾವೇ ಇಟ್ಟುಕೊಂಡು, ನಮಗೆ ಹೊಳೆಯನ್ನೂ ನಗುವನ್ನೂ ಬಿಟ್ಟುಕೊಟ್ಟರು. ಸಂಜೆ ಎಣಿಸಿದರು, ಅಷ್ಟೆ.

ಪ್ರತಿ ವರ್ಷ ರಜೆಯ ದಿನಗಳಲ್ಲಿ ಹೊಳೆ, ಕೆರೆಗಳಲ್ಲಿ ವಿದ್ಯಾರ್ಥಿಗಳು ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದುತ್ತೀರಿ. ಆದ್ದರಿಂದ ವಿಜ್ಞಾನ ಓದಿದವಳಾಗಿ ನಾಲ್ಕು ಮಾತು ಹೇಳುತ್ತೇನೆ. ಹರಿಯುವ ನೀರಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ಹಾಗಾಗಿ ಮೊಣಕಾಲುದ್ದ ನೀರೂ ಆಳನ್ನು ಬೀಳಿಸಬಲ್ಲದು. ಅಣೆಕಟ್ಟಿನ ಕೆಳಗಿನ ಹೊಳೆ ಮಳೆಯಿಲ್ಲದೆಯೂ ಏರುತ್ತದೆ. ಊರಿನವರನ್ನು ಕೇಳದೆ ಇಳಿಯಬಾರದು. ಯಾರಾದರೂ ಮುಳುಗುತ್ತಿದ್ದರೆ ಈಜು ಬಾರದವರು ನಮ್ಮ ಚಿಕ್ಕಪ್ಪನಂತೆ ಹಾರಬಾರದು. ದಡದಿಂದ ಹಗ್ಗ, ಪಂಚೆ, ಉದ್ದನೆಯ ಕೋಲು, ಬಾಯಿ ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆದು ಜನರನ್ನು ಕೂಗಬೇಕು. ಇನ್ನೊಂದು, ಗೆಳೆಯರ ಗುಂಪಿನಲ್ಲಿ ಹೋದಾಗ ಒಬ್ಬರು ಎಣಿಸುವವರು ಇರಲಿ. ಎಣಿಕೆ ನೀರಿಗೆ ಇಳಿಯುವ ಮೊದಲು ಒಮ್ಮೆ, ಮೇಲೆ ಬಂದ ಮೇಲೆ ಒಮ್ಮೆ. ಮನೆಗೆ ಬಂದು ಎಲೆ ಹಾಕಿದ ಮೇಲೆ ಅಲ್ಲ.

ಅಜ್ಜಿ 2009ರಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಮನೆಯನ್ನು ಮಾರಿದೆವು. ಪಾತ್ರೆ ಹಂಚುವಾಗ ಕೊಪ್ಪರಿಗೆ ಯಾರಿಗೆ ಎಂಬ ಚರ್ಚೆಯೇ ಆಗಲಿಲ್ಲ. ಅದು ಈಗ ಬಸವನಗುಡಿಯಲ್ಲಿ, ನಮ್ಮ ಮನೆಯ ನಡುಮನೆಯ ಮೂಲೆಯಲ್ಲಿದೆ. ಬೇಸಗೆ ರಜೆಯಲ್ಲಿ ಒಂದು ಭಾನುವಾರ ಎಲ್ಲರೂ ಸೇರುತ್ತೇವೆ. ಹದಿನಾಲ್ಕು ಮೊಮ್ಮಕ್ಕಳಿಗೂ ಈಗ ಮಕ್ಕಳಿದ್ದಾರೆ, ಕೆಲವರು ಪರದೇಶದಲ್ಲಿದ್ದಾರೆ. ನಲ್ಲಿಯಲ್ಲಿ ಕಾವೇರಿ ಬರುತ್ತದೆ. ದೊಡ್ಡ ಬೋಗುಣಿಯಲ್ಲಿ ಹುಳಿಯನ್ನ ಕಲಸಿ ನಾನು ಮಕ್ಕಳಿಗೆ ತುತ್ತು ಹಾಕುತ್ತೇನೆ. ಮೂರನೆಯ ಮಹಡಿಯ ಮನೆ, ಹೊಳೆ ನೂರು ಕಿಲೋಮೀಟರ್ ದೂರ. ಆದರೂ ತುಟಿ ತಾನಾಗಿ ಅಲುಗುತ್ತದೆ.

ಮೊದಲೇ ಹೇಳಿದ್ದೆನಲ್ಲ, ಒಂದು ಪ್ರಶ್ನೆ ಇದೆ ಎಂದು. ನಿಮ್ಮ ಮನೆಯಲ್ಲೂ ಎಲ್ಲರೂ ಸೇರಿದಾಗ ಹೇಳಿ ನಗುವ ಒಂದು ಹಳೆಯ ಕಥೆ ಇದ್ದೇ ಇರುತ್ತದೆ. ಮುಂದಿನ ಸಲ ಅದನ್ನು ಹೇಳುವಾಗ ನೀವೂ ಮನಸಾರೆ ನಗಿ, ಆದರೆ ಸುತ್ತ ಒಮ್ಮೆ ನೋಡಿ. ಅಲ್ಲಿ ನಗದೆ ಕೂತವರು ಯಾರು? ಜನ ಎಲ್ಲ ಚದುರಿದ ಮೇಲೆ ಅವರ ಪಕ್ಕದಲ್ಲಿ ಹೋಗಿ ಕೂತು ಕೇಳಿ. ಫೋನನ್ನು ಮಾತ್ರ ಆಚೆ ಇಟ್ಟು ಹೋಗಿ.